ನಾನು ಕಾಂಚನಜುಂಗಾ ಹತ್ತಿದ ಸಂಗತಿ

ಮಕ್ಕಳ ಬಾಯಿಗೆ ತುತ್ತು ಇಡುವಾಗ ಹೇಳಿದ ಸುಳ್ಳಿಗೆ ಪಾಪ ತಗಲುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು. ಚಂದ್ರನನ್ನು ತೋರಿಸಿ ಇದೊಂದು ತುತ್ತು ಅವನಿಗೆ ಎನ್ನುವುದು, ಉಣ್ಣದಿದ್ದರೆ ಕಾಗೆ ಕೊಂಡೊಯ್ಯುತ್ತದೆ ಎನ್ನುವುದು, ಬಾಗಿಲ ಹಿಂದೆ ಗುಮ್ಮ ಇದ್ದಾನೆ ಎನ್ನುವುದು, ಇವೆಲ್ಲ ಚಿತ್ರಗುಪ್ತನೂ ನಕ್ಕು ಬಿಟ್ಟುಬಿಡುವ ಸುಳ್ಳುಗಳು. ನಾನೂ ಹಾಗೆಯೇ ನಂಬಿದ್ದೆ. ಆದರೆ ಇಂಥ ಸುಳ್ಳುಗಳ ಆಯುಸ್ಸು ಎಷ್ಟು ಎಂಬುದನ್ನು ತಾಯಿ ನನಗೆ ಹೇಳಿರಲಿಲ್ಲ. ನನ್ನ ಒಂದು ಸುಳ್ಳು ಮೂವತ್ತು ವರ್ಷ ಗಟ್ಟಿಮುಟ್ಟಾಗಿ ಬದುಕಿ, ವಿಮಾನ ಹತ್ತಿ, ಸಮುದ್ರ ದಾಟಿ, ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ ಒಂದು ಶಾಲೆಯ ನಾಲ್ಕನೆಯ ಕ್ಲಾಸಿಗೆ ಹೋಗಿ ಮೊದಲ ಬೆಂಚಿನಲ್ಲಿ ಕುಳಿತುಬಿಟ್ಟಿತ್ತು. ನಾನು ಮೂರನೆಯ ಕ್ಲಾಸು ದಾಟದವನು. ನನ್ನ ಸುಳ್ಳು ನನಗಿಂತ ಒಂದು ಕ್ಲಾಸು ಮುಂದೆ ಹೋಯಿತು.

ಉಡುಪಿಯಿಂದ ಬಡಗು ದಿಕ್ಕಿಗೆ ಎರಡು ಹೊಳೆ ದಾಟಿದರೆ ನಮ್ಮ ಊರು. ಹದಿನಾಲ್ಕರ ಮಗ್ಗಿಯ ಹತ್ತಿರ ನಾನೂ ಶಾಲೆಯೂ ಪರಸ್ಪರ ಕೈಮುಗಿದು ಬೇರೆಯಾದೆವು. ಆಮೇಲೆ ಕಲಿತದ್ದೆಲ್ಲ ಒಲೆಯ ಮುಂದೆ. ನಮ್ಮ ಕಡೆಯ ಧಣಿಗಳೊಬ್ಬರು ಕಲ್ಕತ್ತೆಯಲ್ಲಿ ಇಡ್ಲಿ ಹೋಟೆಲು ಇಟ್ಟಿದ್ದರು. ಅಲ್ಲಿ ಕೆಲವು ವರ್ಷ ದುಡಿದೆ. ಬೇಸಿಗೆಯಲ್ಲಿ ಕಲ್ಕತ್ತೆಯ ದೊಡ್ಡವರೆಲ್ಲ ಸೆಕೆ ತಾಳದೆ ಡಾರ್ಜಿಲಿಂಗಿಗೆ ಹೋಗುತ್ತಾರೆ ಎಂದು ತಿಳಿದ ಧಣಿಗಳು, ಗಿರಾಕಿ ಹೋದಲ್ಲಿಗೆ ದೋಸೆಯೂ ಹೋಗಬೇಕು ಎಂದು ಅಲ್ಲಿಯೂ ಒಂದು ಅಂಗಡಿ ತೆರೆದರು. ನನ್ನನ್ನು ಅಲ್ಲಿಗೆ ಕಳಿಸಿದರು. ಆಗಷ್ಟೇ ಮದುವೆಯಾಗಿ, ಮಗಳು ಮಾಲತಿ ಹುಟ್ಟಿ, ಹೆಂಡತಿ ಪದ್ಮ ಊರಿನಲ್ಲಿ ಇದ್ದಳು. ಡಾರ್ಜಿಲಿಂಗಿನ ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರುವುದೇ ಇಲ್ಲ. ಧಣಿಗಳು ಎರಡು ಕಂಬಳಿ ಕಳಿಸಿದ್ದರು. ಎರಡನ್ನೂ ಹಿಟ್ಟಿನ ಪಾತ್ರೆಗೆ ಹೊದಿಸಿ ನಾವು ಗೋಣಿಚೀಲ ಹೊದ್ದು ಮಲಗುತ್ತಿದ್ದೆವು. ಬೆಳಿಗ್ಗೆ ಹಿಟ್ಟು ಉಬ್ಬಿರುತ್ತಿತ್ತು, ನಾವು ಮುದುಡಿರುತ್ತಿದ್ದೆವು.

ಆದರೆ ಆ ಅಡಿಗೆಮನೆಗೆ ಒಂದು ಹಿತ್ತಲ ಬಾಗಿಲು ಇತ್ತು. ಪಾತ್ರೆ ತೊಳೆದ ನೀರು ಚೆಲ್ಲಲು ಅದನ್ನು ತೆರೆದರೆ, ಮೋಡವಿಲ್ಲದ ದಿನ, ಎದುರಿಗೆ ಕಾಂಚನಜುಂಗಾ. ಊರಿನಲ್ಲಿ ಸಮುದ್ರ ನೋಡಿದ್ದವನು ನಾನು. ದೊಡ್ಡದು ಎಂದರೆ ಅಡ್ಡಕ್ಕೆ ಮಲಗಿರುವುದು ಎಂದುಕೊಂಡಿದ್ದೆ. ಇದು ಎದ್ದು ನಿಂತಿತ್ತು. ಊರೆಲ್ಲ ಕತ್ತಲಿರುವಾಗ ತುದಿಯೊಂದು ಮಾತ್ರ ಬೂದಿಯೊಳಗಿನ ಕೆಂಡದ ಹಾಗೆ ಕೆಂಪಾಗುತ್ತಿತ್ತು. ನಾನು ಬಕೆಟ್ಟು ಹಿಡಿದವನು ಹಿಡಿದ ಹಾಗೆಯೇ ನಿಲ್ಲುತ್ತಿದ್ದೆ. ಒಳಗೆ ಸಾಂಬಾರು ತಳ ಹಿಡಿದ ದಿನಗಳು ಉಂಟು. ಗಿರಾಕಿಗಳು ಕೇಳಿದರೆ ಇದು ಬೆಟ್ಟದ ಕಡೆಯ ಸಾಂಬಾರು, ವಾಸನೆ ಹೀಗೆಯೇ ಇರುವುದು ಎಂದು ಸಮಾಧಾನ ಹೇಳುತ್ತಿದ್ದೆ.

ಐವತ್ತೈದನೆಯ ಇಸವಿಯಲ್ಲಿ ಬ್ರಿಟಿಷರ ಒಂದು ತಂಡ ಆ ಬೆಟ್ಟ ಹತ್ತಲು ಬಂತು. ಸಾಮಾನು ಹೊರುವವರು, ದಾರಿ ಮಾಡುವವರು ಎಲ್ಲ ಡಾರ್ಜಿಲಿಂಗಿನ ಶೇರ್ಪಾ ಜನ. ಅವರಲ್ಲಿ ಒಬ್ಬ ನಮ್ಮ ಅಂಗಡಿಯ ಕಾಯಂ ಗಿರಾಕಿ. ಅವನನ್ನು ನಾವು ದಾಜು ಎನ್ನುತ್ತಿದ್ದೆವು. ಅಲ್ಲಿಯ ನೇಪಾಳಿ ಮಾತಿನಲ್ಲಿ ಅಣ್ಣ ಎಂದರ್ಥ. ಐವತ್ತು ವರ್ಷಗಳಿಂದ ಬಿಳಿಯರು ಬರುತ್ತಲೇ ಇದ್ದಾರೆ, ಮೊದಲು ಬಂದವರು ಜನರನ್ನು ಹಿಮದಲ್ಲಿ ಕಳೆದುಕೊಂಡು ಹೋದರು, ಆಮೇಲೆ ಜರ್ಮನಿಯವರು ಬಂದು ಅರ್ಧದಿಂದ ಮರಳಿದರು, ಈ ಸಲ ಏನಾಗುತ್ತದೋ ಎಂದು ಅವನು ಚಹಾ ಕುಡಿಯುತ್ತಾ ಹೇಳುತ್ತಿದ್ದ. ಹೊರಡುವ ಮುಂಚಿನ ದಿನ ಬಂದು ಒಂದು ಡಬ್ಬ ತುಂಬ ಚಕ್ಕುಲಿ ಕೇಳಿದ. ನನ್ನ ಕೈಯಾರೆ ಒತ್ತಿ ಕರಿದು ಕೊಟ್ಟೆ. ಮಳೆ ಹಿಡಿಯುವ ಹೊತ್ತಿಗೆ ಅವನು ಮುಖದ ಚರ್ಮ ಸುಲಿದು ಕಪ್ಪಾಗಿ ಮರಳಿ ಬಂದ. ಹತ್ತಿದ್ದರಂತೆ. ಆದರೆ ತುದಿಗೆ ಕಾಲಿಡಲಿಲ್ಲವಂತೆ. ಅದು ದೇವರ ಸ್ಥಾನ, ನೆತ್ತಿ ತುಳಿಯಬಾರದು ಎಂದು ಸಿಕ್ಕಿಮ್‌ನ ದೊರೆಗೆ ಮೊದಲೇ ಮಾತು ಕೊಟ್ಟಿದ್ದರಂತೆ. ಕೆಲವೇ ಹೆಜ್ಜೆ ಬಾಕಿ ಇರುವಾಗ ನಿಂತು, ನೋಡಿ, ಇಳಿದುಬಿಟ್ಟರು. "ಚಕ್ಕುಲಿ ಏನಾಯಿತು?" ಎಂದು ಕೇಳಿದೆ. ಮೂರನೆಯ ಡೇರೆಯವರೆಗೆ ಬಂತು, ಆ ಚಳಿಗೆ ಕಲ್ಲಾಯಿತು, ಹಿಮ ಕಡಿಯುವ ಕೊಡಲಿಯಿಂದ ಒಡೆದು ತಿಂದೆವು ಎಂದ. ನನ್ನ ಅಡಿಗೆಗೆ ಅಷ್ಟು ಶ್ರಮಪಟ್ಟವರು ಇನ್ನೊಬ್ಬರಿಲ್ಲ.

ಇಷ್ಟು ನಿಜ. ಸುಳ್ಳು ಶುರುವಾದದ್ದು ಊರಿಗೆ ಬಂದ ಮೇಲೆ. ಮಾಲತಿಗೆ ಆಗ ಮೂರು ವರ್ಷ. ಊಟವೆಂದರೆ ಬಾಯಿ ಬಿಗಿಹಿಡಿದು ಗೋಡೆಯ ಕಡೆ ತಿರುಗುವ ಮಗು. ಅವಳಿಗೆ ಕಾಂಚನಜುಂಗಾದ ಕತೆ ಹೇಳಲು ಕುಳಿತೆ. ಒಂದು ತುತ್ತಿಗೆ ಒಂದು ಹೆಜ್ಜೆ. ಮೊದಲು ದಾಜು ಹತ್ತುತ್ತಿದ್ದ. ಮಗು ಬಾಯಿ ತೆರೆಯಲಿಲ್ಲ. "ಅಪ್ಪ ಹತ್ತಿದ" ಎಂದೆ, ತೆರೆಯಿತು. ಸಾರನ್ನ ಮುಗಿಯುವಾಗ ಮೂರನೆಯ ಡೇರೆ, ಆಮೇಲೆ ಗಾಳಿ, ಹಿಮ, ಜಾರಿಕೆ. ದೇವರ ಸ್ಥಾನದ ಕೆಳಗೆ ನಿಲ್ಲಬೇಕು ಎಂದು ನನಗೂ ಗೊತ್ತಿತ್ತು. ಆದರೆ ತುದಿಗಿಂತ ಕೆಳಗೆ ನಿಂತರೆ ಮೊಸರನ್ನ ಉಳಿದುಹೋಗುತ್ತಿತ್ತು. ಹಾಗಾಗಿ ದಿನಕ್ಕೆರಡು ಸಲ, ಎರಡು ವರ್ಷ, ನಾನು ಕಾಂಚನಜುಂಗಾದ ನೆತ್ತಿಯ ಮೇಲೆ ನಿಂತೆ. ಅಷ್ಟು ಸಲ ಹತ್ತಿದವರು ಲೋಕದಲ್ಲಿ ಯಾರೂ ಇರಲಾರರು. ಮಗಳು ದುಂಡಗಾದಳು, ನಾನು ಮರೆತೆ.

ಎಂಬತ್ತರ ದಶಕದ ನಡುವೆ ಮಾಲತಿಗೆ ಎರಡನೆಯ ಬಾಣಂತನ ಎಂದು ನಾವಿಬ್ಬರೂ ಅಮೆರಿಕಕ್ಕೆ ಬಂದೆವು. ಅಳಿಯನ ಆಫೀಸು ಮೆನ್ಲೋ ಪಾರ್ಕಿನಲ್ಲಿ, ಮನೆ ರೆಡ್‌ವುಡ್ ಸಿಟಿಯಲ್ಲಿ. ಪುಟ್ಟ ಮೊಮ್ಮಗ ಹುಟ್ಟಿದ ಸಂತೋಷ ಒಂದು ಕಡೆಯಾದರೆ, ದೊಡ್ಡ ಮೊಮ್ಮಗಳು ಸ್ವಾತಿಯ ಸಂತೋಷವೇ ಇನ್ನೊಂದು. ಒಂಬತ್ತು ವರ್ಷದ ಹುಡುಗಿ. ಅವಳು ಬಾಗಿಲಲ್ಲಿ ಶೂ ಕಳಚುವ ಸದ್ದಿಗೆ ನನ್ನ ಮಂಡಿನೋವು ಹೋಗುತ್ತಿತ್ತು. ಅವಳು ಹಾಲು ಕುಡಿದು ಮೀಸೆ ಒರೆಸಿಕೊಂಡರೆ ನಾನು ಪದ್ಮನನ್ನು ಕರೆದು ತೋರಿಸುತ್ತಿದ್ದೆ. "ಹಾಲು ಕುಡಿದದ್ದು ನೋಡಲಿಕ್ಕೆ ಒಲೆಯಿಂದ ನನ್ನನ್ನು ಕರೆದದ್ದಾ? ನಿಮ್ಮ ಮಗಳು ಎಂತ ಕುಡಿಯುತ್ತಿದ್ದದ್ದು, ಸಮುದ್ರದ ನೀರಾ?" ಎಂದು ಅವಳು ಬೈಯುತ್ತಿದ್ದಳು. ನನ್ನ ಕನ್ನಡವೆಲ್ಲ ಸ್ವಾತಿಗೆ ಅರ್ಥವಾಗುತ್ತಿತ್ತು; ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದರಲ್ಲಿ ನನಗೆ ತಿಳಿಯುತ್ತಿದ್ದದ್ದು ಓಕೆ ಒಂದೇ. ಅದಕ್ಕೇ ನಾನು ದಿನವಿಡೀ ತೃಪ್ತನಾಗಿದ್ದೆ.

ಒಂದು ಸಂಜೆ ಸ್ವಾತಿ ನನ್ನ ಪಕ್ಕ ಬಂದು ಕುಳಿತು, "ಅಜ್ಜಾ, ಫ್ರೈಡೇ ಸ್ಕೂಲ್‌ಗೆ ಬರ್ಬೇಕು. ಪ್ರಾಮಿಸ್?" ಎಂದಳು. ಕರೆದ ಸಂತೋಷಕ್ಕೆ ಏಕೆ ಎಂದೂ ಕೇಳದೆ ಅವಳ ಕೈಯ ಮೇಲೆ ಕೈಯಿಟ್ಟೆ. ವಿಷಯ ಹೇಳಿದ್ದು ಮಾಲತಿ. ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ಬೆಟ್ಟದ ಬಗ್ಗೆ ಬರೆದು ಓದುವ ಪಾಠವಂತೆ. ಸ್ವಾತಿ ಎದ್ದುನಿಂತು, ಲೋಕದ ಮೂರನೆಯ ಎತ್ತರದ ಬೆಟ್ಟವನ್ನು ನನ್ನ ಅಜ್ಜ ಹತ್ತಿದ್ದಾರೆ ಎಂದಳಂತೆ. ಅಲ್ಲಿ ಜೆನಿಫರ್ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ರಜೆ ಬಂದರೆ ಸಾಕು, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವನು. ಅವಳು ಲೈಬ್ರರಿಯಿಂದ ಪುಸ್ತಕ ತಂದು, ಹತ್ತಿದವರ ಪಟ್ಟಿ ತೆಗೆದು, ಇದರಲ್ಲಿ ನಿನ್ನ ಅಜ್ಜನ ಹೆಸರೇ ಇಲ್ಲ, ನೀನು ಸುಳ್ಳಿ ಎಂದು ಎಲ್ಲರ ಮುಂದೆ ಹೇಳಿದ್ದಳು. ಸ್ವಾತಿ ಅತ್ತು, ಅಜ್ಜನೇ ಬಂದು ಹೇಳುತ್ತಾರೆ ನೋಡು ಎಂದು ಪಣ ತೊಟ್ಟು ಬಂದಿದ್ದಳು. ಟೀಚರಮ್ಮ ಸಂತೋಷದಿಂದ ಶುಕ್ರವಾರ ಗೊತ್ತುಮಾಡಿದ್ದರು.

ನನ್ನ ಬೆನ್ನಿನಲ್ಲಿ ಡಾರ್ಜಿಲಿಂಗಿನ ಚಳಿ ಹರಿಯಿತು. "ಮಾಲತಿ, ಅದು ಎಂತ ಅಂದ್ರೆ, ನೀನು ಉಣ್ಣಬೇಕು ಅಂತ ಹೇಳಿದ್ದಲ್ವಾ" ಎಂದು ಮೆಲ್ಲನೆ ಬಾಯಿಬಿಟ್ಟೆ. ಅವಳು ಮಗುವಿಗೆ ಬಟ್ಟೆ ಬದಲಿಸುತ್ತಾ ನಕ್ಕಳು. "ಅಪ್ಪ, ನಿಮ್ಮದು ಯಾವಾಗ್ಲೂ ಇದೇ. ಅಷ್ಟು ದೊಡ್ಡ ಕೆಲಸ ಮಾಡಿ ಏನೂ ಅಲ್ಲ ಅಂತ ಹೇಳುವುದು. ಮದುವೆಗೆ ಮುಂಚೆ ಇವರಿಗೆ ನಾನು ಮೊದಲು ಹೇಳಿದ್ದೇ ಅದು, ನಮ್ಮ ಅಪ್ಪ ಕಾಂಚನಜುಂಗಾ ಹತ್ತಿದವರು ಅಂತ." ಅಳಿಯ ಯಾಕೆ ಯಾವಾಗಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ ಎಂಬುದು ಆ ದಿನ ತಿಳಿಯಿತು. ಅಡಿಗೆಮನೆಯಲ್ಲಿ ಪದ್ಮ ಕಾದಿದ್ದಳು. "ಎಂತ ಹೇಳ್ತೀರಿ ಈಗ ಅಲ್ಲಿ ಹೋಗಿ? ಕಾಯಿ ತೆಗೆಯಲಿಕ್ಕೆ ಅಟ್ಟಕ್ಕೆ ಹತ್ತಿದವರು ಅರ್ಧ ಏಣಿಯಲ್ಲಿ ಕಣ್ಣು ಮುಚ್ಚಿ ನಿಂತದ್ದು, ನಾನು ನೆರೆಮನೆಯವರನ್ನು ಕರೆದು ಇಳಿಸಿದ್ದು, ಅದೂ ಹೇಳ್ತೀರೋ?" ಎಂದಳು. "ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ" ಎಂದೆ. "ನಾನು ಮೂವತ್ತು ವರ್ಷದಿಂದ ಸುಮ್ಮನಿದ್ದದ್ದಕ್ಕೇ ಈ ಅವಸ್ಥೆ" ಎಂದಳು.

ನನಗೆ ಕಷ್ಟ ಬಂದರೆ ಕೈಗೆ ಹೊಳೆಯುವುದು ಒಂದೇ ದಾರಿ, ಏನಾದರೂ ಕರಿಯುವುದು. ಮಕ್ಕಳ ಬಾಯಿ ತುಂಬಿದ್ದರೆ ಪ್ರಶ್ನೆ ಕಡಿಮೆ ಬರುತ್ತದೆ ಎಂಬ ಆಸೆಯೂ ಇತ್ತು. ಪದ್ಮ ಊರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಹಿತ್ತಾಳೆಯ ಅಚ್ಚು ತೆಗೆದು, ಗುರುವಾರ ಮಧ್ಯಾಹ್ನ ಚಕ್ಕುಲಿಗೆ ಕುಳಿತೆ. ಎರಡನೆಯ ಸುತ್ತು ಎಣ್ಣೆಗೆ ಬಿಟ್ಟದ್ದೇ ತಡ, ಸೂರಿನಲ್ಲಿದ್ದ ಬಿಳಿಯ ತಟ್ಟೆಯಂಥ ಸಾಮಾನು ಕೂಗತೊಡಗಿತು. ಹೊಗೆ ಕಂಡರೆ ಅದು ಹಾಗೆ ಕೂಗುತ್ತದಂತೆ. ಕರಿಯುವವನನ್ನು ಕಂಡು ಕೂಗುವ ಸೂರನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಪದ್ಮ ಕುರ್ಚಿ ತೋರಿಸಿ, "ಹತ್ತಿ ನಿಲ್ಲಿಸಿ, ಬೆಟ್ಟ ಹತ್ತಿದವರು ನೀವಲ್ವಾ" ಎಂದಳು. ಕೊನೆಗೆ ಅವಳೇ ಹತ್ತಿ ಅದಕ್ಕೆ ಒದ್ದೆ ಬಟ್ಟೆ ಬೀಸಿದಳು. ನಾನು ಕುರ್ಚಿ ಹಿಡಿದುಕೊಂಡೆ.

ಶುಕ್ರವಾರ ಅಳಿಯನ ಕೋಟು ತೊಟ್ಟು, ಡಬ್ಬ ಹಿಡಿದು ಹೋದೆ. ಮಕ್ಕಳೆಲ್ಲ ನೆಲದ ಮೇಲೆ ಕಾಲು ಮಡಚಿ ಕುಳಿತಿದ್ದವು. ನನಗೆ ಮಾತ್ರ ಕುರ್ಚಿ. ಗೋಡೆಯ ಮೇಲೆ ಸ್ವಾತಿ ಬರೆದ ಚಿತ್ರ: ದೊಡ್ಡ ಬಿಳಿಯ ಬೆಟ್ಟ, ತುದಿಯಲ್ಲಿ ಪಂಚೆ ಉಟ್ಟು ಬಾವುಟ ಹಿಡಿದ ಒಬ್ಬ ಮನುಷ್ಯ. ಮೀಸೆ ನನ್ನದೇ. ನಾನು ಕನ್ನಡದಲ್ಲಿ ಹೇಳುವುದು, ಸ್ವಾತಿ ಇಂಗ್ಲಿಷಿನಲ್ಲಿ ಹೇಳುವುದು ಎಂದು ಏರ್ಪಾಡಾಗಿತ್ತು. ಹಿತ್ತಲ ಬಾಗಿಲಿನಿಂದ ಶುರುಮಾಡಿದೆ. ಬೆಳಗಿನ ಕೆಂಡದ ಬಣ್ಣ, ಮೊದಲು ಬಂದು ಸೋತವರು, ದೊರೆಗೆ ಕೊಟ್ಟ ಮಾತು, ಕೆಲವೇ ಹೆಜ್ಜೆ ಉಳಿಸಿ ಇಳಿದದ್ದು. ಹೇಳುತ್ತಾ ಹೇಳುತ್ತಾ ನನಗೆ ಆ ಬಕೆಟ್ಟು, ಆ ಚಳಿ, ದಾಜುವಿನ ಸುಲಿದ ಮೂಗು ಎಲ್ಲ ಕಣ್ಣಮುಂದೆ ಬಂದವು. ಮಕ್ಕಳು ಚಕ್ಕುಲಿ ಕಡಿಯುವುದನ್ನೂ ಬಿಟ್ಟು ಕೇಳುತ್ತಿದ್ದವು. ಆಗ ಎರಡು ಜಡೆಯ ಹುಡುಗಿಯೊಬ್ಬಳು ಕೈಯೆತ್ತಿ ಏನೋ ಕೇಳಿದಳು. ಅವಳೇ ಜೆನಿಫರ್ ಎಂದು ಸ್ವಾತಿಯ ಮುಖ ನೋಡಿಯೇ ತಿಳಿಯಿತು.

"ಅಜ್ಜಾ, ನೀವು ಟಾಪ್‌ಗೆ ಹೋದ್ರಾ ಅಂತ ಕೇಳ್ತಾಳೆ" ಎಂದಳು ಸ್ವಾತಿ. ನನ್ನ ಕೈಯಲ್ಲಿ ಒಂದು ಒಳ್ಳೆಯ ಉತ್ತರ ಸಿದ್ಧವಾಗಿತ್ತು. ತುದಿಗೆ ಯಾರೂ ಕಾಲಿಡುವ ಹಾಗಿಲ್ಲ ಮಗಾ, ಅದು ಅಲ್ಲಿಯ ಪದ್ಧತಿ. ಅಷ್ಟು ಹೇಳಿ ಕೈಮುಗಿದರೆ ಸಾಕು, ಸುಳ್ಳೂ ಅಲ್ಲ, ಸೋಲೂ ಅಲ್ಲ. ಬಾಯಿಯವರೆಗೆ ಬಂತು. ಆದರೆ ಸ್ವಾತಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಏನು ಹೇಳಿದರೂ ಅದನ್ನೇ ತನ್ನ ಬಾಯಿಯಿಂದ ಹೇಳಲು ಸಿದ್ಧಳಾಗಿ, ಆಗಲೇ ಅರ್ಧ ಉಸಿರು ಎಳೆದುಕೊಂಡಿದ್ದಳು. ಇದು ನಾನು ಅವಳ ಬಾಯಿಗೆ ಇಡುವ ತುತ್ತು ಎಂದು ತೋರಿತು. ತುತ್ತು ಇಡುವಾಗ ಹೇಳಿದ ಸುಳ್ಳಿಗೆ ಪಾಪವಿಲ್ಲದಿರಬಹುದು, ಸುಳ್ಳನ್ನೇ ತುತ್ತು ಮಾಡಿ ಇಡಲು ಮನಸ್ಸು ಬರಲಿಲ್ಲ. "ಇಲ್ಲ ಮಗಾ. ನಾನು ಹತ್ತಲೇ ಇಲ್ಲ. ಕೆಳಗೆ ಅಂಗಡಿಯಲ್ಲಿ ಅಡಿಗೆ ಮಾಡುತ್ತಿದ್ದೆ. ನಾನು ಕರಿದ ಚಕ್ಕುಲಿ ಮೂರನೆಯ ಡೇರೆಯವರೆಗೆ ಹೋಯಿತು, ಕಲ್ಲಾದದ್ದನ್ನು ಅಲ್ಲಿ ಕೊಡಲಿಯಿಂದ ಒಡೆದು ತಿಂದರು, ನಾನು ಹೋಗಲಿಲ್ಲ. ನಿನ್ನ ಅಮ್ಮ ಊಟ ಮಾಡಲಿ ಅಂತ ಕಟ್ಟಿದ ಕತೆ ಅದು" ಎಂದೆ.

ಸ್ವಾತಿ ಗೋಡೆಯ ಚಿತ್ರ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕ್ಲಾಸಿನ ಕಡೆ ತಿರುಗಿ ಮಾತಾಡಿದಳು. ಉದ್ದಕ್ಕೆ ಮಾತಾಡಿದಳು. ಅಮೆರಿಕದ ಮಕ್ಕಳ ಇಂಗ್ಲಿಷು ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ; ಹಾರುವುದು ಕಾಣುತ್ತದೆ, ಹಿಡಿಯಲು ಬರುವುದಿಲ್ಲ. ಮುಗಿದ ಕೂಡಲೇ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ಜೆನಿಫರ್ ಎದ್ದು ಬಂದು ನನ್ನ ಕೈ ಕುಲುಕಿದಳು. ಹತ್ತದವನಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ನನ್ನ ಮಾನ ಉಳಿಸಲು ಹುಡುಗಿ ಸುಳ್ಳು ಹೇಳಿದಳು ಎಂದೇ ತಿಳಿದೆ. ಮನೆಯವರೆಗೂ ಅವಳು ನನ್ನ ಮುಂದೆ ನಾಲ್ಕು ಮಾರು ದೂರದಲ್ಲಿ ನಡೆದಳು. ಶನಿವಾರ, ಭಾನುವಾರ ನನ್ನ ಪಕ್ಕದಲ್ಲಿ ಉಣ್ಣಲು ಕೂರಲಿಲ್ಲ. ಓಕೆ ಎಂಬ ಒಂದು ಮಾತೂ ಇಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಪದ್ಮನೂ ಟೀಕೆ ನಿಲ್ಲಿಸಿದ್ದಳು. ಅವಳು ಟೀಕೆ ನಿಲ್ಲಿಸಿದರೆ ನನ್ನ ಸ್ಥಿತಿ ನಿಜವಾಗಿಯೂ ಕೆಟ್ಟಿದೆ ಎಂದರ್ಥ.

ಸೋಮವಾರ ಸಂಜೆ ಸ್ವಾತಿ ಒಂದು ದೊಡ್ಡ ಕವರು ತಂದು ನನ್ನ ತೊಡೆಯ ಮೇಲೆ ಹಾಕಿ, ಎದುರಿಗೆ ನಿಂತಳು. ಬಂದು ಮಾತಾಡಿದವರಿಗೆ ಮಕ್ಕಳೆಲ್ಲ ಚಿತ್ರ ಬರೆದು ವಂದನೆ ಹೇಳುವುದು ಅಲ್ಲಿಯ ಕ್ರಮವಂತೆ. ಒಂದೊಂದೇ ತೆಗೆದೆ. ಮೊದಲನೆಯದರಲ್ಲಿ ಬೆಟ್ಟ, ಬೆಟ್ಟದ ಬುಡದಲ್ಲಿ ಒಲೆ, ಒಲೆಯ ಮುಂದೆ ಮೀಸೆಯ ಮನುಷ್ಯ. ಎರಡನೆಯದರಲ್ಲೂ ಅಷ್ಟೇ. ಮೂರನೆಯದರಲ್ಲಿ ಮನುಷ್ಯ ಬೆಟ್ಟಕ್ಕಿಂತ ದೊಡ್ಡವನಿದ್ದ, ಚಕ್ಕುಲಿ ಮನುಷ್ಯನಿಗಿಂತ ದೊಡ್ಡದಿತ್ತು. ಒಂದರಲ್ಲಿ ಇಬ್ಬರು ಕೊಡಲಿಯಿಂದ ಚಕ್ಕುಲಿ ಕಡಿಯುತ್ತಿದ್ದರು. ಇಷ್ಟೂ ಚಿತ್ರಗಳಲ್ಲಿ ಒಂದರಲ್ಲಾದರೂ ನಾನು ಮೇಲಿರಲಿಲ್ಲ. ಜೆನಿಫರಳ ಕಾಗದವನ್ನು ಅಳಿಯ ಓದಿ ಹೇಳಿದ. ಮುಂದಿನ ಸಲ ಅವಳ ಅಪ್ಪ ಬೆಟ್ಟಕ್ಕೆ ಹೋಗುವಾಗ ಒಯ್ಯಲು ಹತ್ತು ಚಕ್ಕುಲಿ ಸಿಗಬಹುದೇ ಎಂದು ಕೇಳಿದ್ದಳು. ಓದಿ ಮುಗಿಸಿದ ಅಳಿಯ ಕಾಗದವನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. ಮಾಲತಿ ಬಾಗಿಲಲ್ಲಿ ನಿಂತು, "ಅಪ್ಪ, ಹಾಗಾದ್ರೆ ನಾನು ಎರಡು ವರ್ಷ ತಿಂದದ್ದು?" ಎಂದಳು. "ಅನ್ನ ನಿಜದ್ದೇ ಮಗಾ" ಎಂದೆ.

ಕಟ್ಟಿನ ಕಡೆಯಲ್ಲಿ ಸ್ವಾತಿಯ ಚಿತ್ರ. ಗೋಡೆಯ ಮೇಲಿದ್ದದ್ದೇ. ತುದಿಯ ಮನುಷ್ಯನನ್ನು ರಬ್ಬರಿನಿಂದ ಉಜ್ಜಿ, ಕೆಳಗೆ ಹಿತ್ತಲ ಬಾಗಿಲಿನಲ್ಲಿ ಬಕೆಟ್ಟು ಕೊಟ್ಟು ನಿಲ್ಲಿಸಿದ್ದಳು. ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. "ಕ್ಲಾಸಿಗೆ ನೀನು ಎಂತ ಹೇಳಿದ್ದು ಮಗಾ?" ಎಂದು ಕೇಳಿದೆ. "ನೀವ್ ಹೇಳಿದ್ದೇ ಹೇಳ್ದೆ. ಎವ್ರಿಥಿಂಗ್" ಎಂದಳು. "ಮತ್ತೆ ಸಿಟ್ಟು?" "ಸಿಟ್ಟು ಬಂತು. ಬಟ್ ಜೆನಿಫರ್ ಸೆಡ್ ಸಾರಿ." ಆಮೇಲೆ ಸ್ವಲ್ಪ ಯೋಚಿಸಿ, "ಅಜ್ಜಾ, ಚಕ್ಕುಲಿ ಹತ್ತೇ ಸಾಕಾ?" ಎಂದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ ಎಂದು ಪದ್ಮ ಹೇಳುತ್ತಾಳೆ. ಕರಿದ ಹೊಗೆ ಕಣ್ಣಿಗೆ ಹೋಗಿತ್ತು ಎಂದು ನಾನು ಹೇಳುತ್ತೇನೆ. ಆ ದಿನ ಒಲೆ ಹಚ್ಚಿರಲಿಲ್ಲ ಎಂದು ಅವಳು ಹೇಳುತ್ತಾಳೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ಮುಂದಿನ ತಿಂಗಳು ಇಲ್ಲಿಯ ಕನ್ನಡದವರು ಯುಗಾದಿ ಊಟಕ್ಕೆ ಸೇರಿದರು. ಮೈಸೂರಿನ ಕಡೆಯ ಒಬ್ಬರು ನನ್ನ ಪಕ್ಕ ಕುಳಿತು, "ಏನ್ ಸಾರ್, ನೀವು ಕಾಂಚನಜುಂಗಾ ಹತ್ತಿದ್ರಂತೆ?" ಎಂದರು. ಸ್ವಚ್ಛ ಮನಸ್ಸಿನಿಂದ, ಇಲ್ಲ, ಅಲ್ಲಿ ಅಡಿಗೆಯವನಾಗಿದ್ದೆ ಎಂದೆ. "ಓಹೋ" ಎಂದು ಅವರು ಆ ಪಕ್ಕದವರ ಕಡೆ ತಿರುಗಿ, ಗಿಲ್‌ರಾಯ್ ಕಡೆ ಮನೆ ಅಗ್ಗವಾದರೂ ಊರ ಸುತ್ತ ಬೆಳ್ಳುಳ್ಳಿ ಹೊಲ, ಆ ವಾಸನೆಯಲ್ಲಿ ಬದುಕುವುದು ಹೇಗೆ ಎಂದು ಶುರುಮಾಡಿದರು. ಕಾಲು ಗಂಟೆ ಬೆಳ್ಳುಳ್ಳಿ ಕೇಳಿದೆ. ನಿಜ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ದೊಡ್ಡವರು ಬೆನ್ನು ತೋರಿಸುತ್ತಾರೆ. ಕೊನೆಗೆ ತಡೆಯಲಾಗಲಿಲ್ಲ. ಪಾಯಸದ ಬಟ್ಟಲು ಕೆಳಗಿಟ್ಟು, ಯಾರಿಗೂ ಅಲ್ಲವೆಂಬಂತೆ, "ತುದಿಗೆ ಮಾತ್ರ ನಾನು ಕಾಲಿಡಲಿಲ್ಲ. ಅದು ದೇವರ ಸ್ಥಾನ ಅಲ್ವಾ" ಎಂದೆ. ಅವರು ಕುರ್ಚಿಸಮೇತ ನನ್ನ ಕಡೆ ತಿರುಗಿದರು. ಒಂದಕ್ಷರವೂ ಸುಳ್ಳಲ್ಲ; ಬೇಕಾದರೆ ಯಾವ ಲೈಬ್ರರಿಯ ಪುಸ್ತಕವನ್ನಾದರೂ ತೆಗೆದು ನೋಡಲಿ. ಉತ್ಸಾಹದಿಂದ ಮೂರನೆಯ ಡೇರೆಯ ಚಳಿಗೆ ಬಂದಿದ್ದೆ. ಎದುರು ಸಾಲಿನಲ್ಲಿ ಸ್ವಾತಿ ಹೋಳಿಗೆಯನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೆಯೇ ತಡೆದು, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಳು. ನಾನು ಬೇಗಬೇಗನೆ ಬೆಟ್ಟ ಇಳಿಯತೊಡಗಿದೆ.